ಕೆಳಬೆನ್ನಿನ ಫ್ಯಾಸೆಟ್ ನರಗಳಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಬ್ಲಾಕ್ ಕೊಡುವುದು: ಸಮಗ್ರ ಮಾರ್ಗದರ್ಶಿ

ಸೂಜಿ ಮೂಳೆ ಮುಟ್ಟಿತು, ಮದ್ದೂ ಒಳಗೆ ಹೋಯಿತು, ಆದರೂ ರೋಗಿಗೆ ಒಂಚೂರೂ ಆರಾಮ ಆಗಲಿಲ್ಲ. ಮೀಡಿಯಲ್ ಬ್ರಾಂಚ್ ಬ್ಲಾಕ್ (ಬೆನ್ನುಮೂಳೆಯ ಹಿಂಬದಿಯ ಸಣ್ಣ ಫ್ಯಾಸೆಟ್ ಕೀಲುಗಳ ನೋವು ಒಯ್ಯುವ ನರವನ್ನು ಮದ್ದು ಕೊಟ್ಟು ಮರಗಟ್ಟಿಸುವುದು) ಕಲಿಯುತ್ತಿರುವವರ ದೂರು ಹೆಚ್ಚಾಗಿ ಇದೇ. ಬುಡ ಕೆದಕಿದರೆ ತಪ್ಪು ಸೂಜಿ ಹಿಡಿದ ಕೈಯಲ್ಲಿ ಇರುವುದು ಕಡಿಮೆ. ಮೂಳೆ ಎಣಿಸುವಾಗ ಒಂದು ಹೆಚ್ಚುಕಮ್ಮಿ ಆಗಿರುತ್ತದೆ. ಕಶೇರುವಿನಿಂದ ಪಕ್ಕಕ್ಕೆ ಚಾಚಿದ ಟ್ರಾನ್ಸ್‌ವರ್ಸ್ ಪ್ರೋಸೆಸ್‌ ಎಂಬ ಮೂಳೆಯ ನಡುಭಾಗವನ್ನೇ ಮೇಲಂಚು ಎಂದುಕೊಂಡಿರುತ್ತಾರೆ. ಇಲ್ಲವೇ ಚರ್ಮ ಮರಗಟ್ಟಿಸುವ ನೆಪದಲ್ಲಿ ಸ್ನಾಯುವಿಗೆಲ್ಲ ಮದ್ದು ತುಂಬಿ ಪರೀಕ್ಷೆಯನ್ನೇ ಕೆಡಿಸಿಕೊಂಡಿರುತ್ತಾರೆ. ಮೂರೂ ಸೂಜಿ ಗುರಿ ಮುಟ್ಟುವ ಮೊದಲೇ ಆಗಿಹೋಗುವ ತಪ್ಪುಗಳು. ಆದ್ದರಿಂದ ಇಲ್ಲಿ ಸೂಜಿಗಿಂತ ಪ್ರೋಬ್ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಇದು ಅರಿವಳಿಕೆ, ನೋವು ಚಿಕಿತ್ಸೆ, ಮೂಳೆ ವಿಭಾಗಗಳಲ್ಲಿ ಕೆಲಸ ಮಾಡುವ, ಅನುಭವಿಗಳ ಕೈಕೆಳಗೆ ಕಲಿಯುತ್ತಿರುವ ವೈದ್ಯರಿಗಾಗಿ ಬರೆದದ್ದು. ಓದಿಕೊಂಡು ಒಬ್ಬರೇ ಮೊದಲ ಸಲ ಮಾಡಿನೋಡುವ ಕೆಲಸ ಇದಲ್ಲ.

## ಗುರಿ ಯಾವುದು?

ಮೀಡಿಯಲ್ ಬ್ರಾಂಚ್ ಬಹಳ ಸಣ್ಣ ನರ. ಕೆಳಬೆನ್ನಿನ ಆಳದಲ್ಲಿ ನಮ್ಮ ಸಾಮಾನ್ಯ ಪ್ರೋಬ್‌ಗಳಿಗೆ ಅದು ಕಾಣುವುದಿಲ್ಲ. ಕಾಣುವುದು ಮೂಳೆ ಮಾತ್ರ. ಸುಪೀರಿಯರ್ ಆರ್ಟಿಕ್ಯುಲರ್ ಪ್ರೋಸೆಸ್ (ಫ್ಯಾಸೆಟ್ ಕೀಲಿನ ಭಾಗವಾಗಿ ಮೇಲಕ್ಕೆ ಚಾಚಿದ ಮೂಳೆ, ಮುಂದೆ ಎಸ್‌ಎಪಿ) ಮತ್ತು ಟ್ರಾನ್ಸ್‌ವರ್ಸ್ ಪ್ರೋಸೆಸ್ (ಮುಂದೆ ಟಿಪಿ) ಕೂಡುವ ಮೂಲೆಯ ಮೇಲೆ ನರ ಹಾದುಹೋಗುತ್ತದೆ. ಆ ಮೂಲೆಯಲ್ಲಿ, ಟಿಪಿಯ ಮೇಲಂಚಿನ ಹತ್ತಿರ ಮದ್ದು ಬಿದ್ದರೆ ನರಕ್ಕೆ ತಲುಪುತ್ತದೆ.

ಹೆಸರು ಮತ್ತು ಜಾಗ ಒಂದಕ್ಕೊಂದು ತಾಳೆಯಾಗದಿರುವುದು ಎಲ್ಲರನ್ನೂ ಒಮ್ಮೆಯಾದರೂ ಗೊಂದಲಕ್ಕೆ ಕೆಡವುತ್ತದೆ. ಸೊಂಟದ ಐದು ಕಶೇರುಗಳು ಮೇಲಿನಿಂದ ಕೆಳಕ್ಕೆ ಎಲ್1ರಿಂದ ಎಲ್5, ಅವುಗಳ ಕೆಳಗೆ ಸ್ಯಾಕ್ರಮ್ ಎಂಬ ತ್ರಿಕೋನ ಮೂಳೆ, ಅದರ ಮೊದಲ ಭಾಗ ಎಸ್1. ಎಲ್1ರಿಂದ ಎಲ್4ರವರೆಗಿನ ಮೀಡಿಯಲ್ ಬ್ರಾಂಚ್‌ಗಳು ತಮಗಿಂತ ಒಂದು ಕೆಳಗಿನ ಕಶೇರುವಿನ ಟಿಪಿ ಮೇಲೆ ಸಿಗುತ್ತವೆ. ಎಲ್3ರ ನರ ಬೇಕಿದ್ದರೆ ಎಲ್4ರ ಟಿಪಿಗೆ ಹೋಗಬೇಕು. ಜೊತೆಗೆ ಪ್ರತಿ ಕೀಲಿಗೂ ಎರಡು ನರಗಳಿಂದ ಸಂವೇದನೆ ಬರುತ್ತದೆ:

- ಎಲ್3-4 ಕೀಲು: ಎಲ್2, ಎಲ್3 ನರಗಳು. ಸೂಜಿ ಎಲ್3 ಮತ್ತು ಎಲ್4ರ ಟಿಪಿ ಮೇಲೆ.
- ಎಲ್4-5 ಕೀಲು: ಎಲ್3, ಎಲ್4 ನರಗಳು. ಸೂಜಿ ಎಲ್4 ಮತ್ತು ಎಲ್5ರ ಟಿಪಿ ಮೇಲೆ.
- ಎಲ್5-ಎಸ್1 ಕೀಲು: ಎಲ್4 ನರ ಎಲ್5ರ ಟಿಪಿ ಮೇಲೆ, ಎಲ್5ರ ಡಾರ್ಸಲ್ ರೇಮಸ್ (ಮೀಡಿಯಲ್ ಬ್ರಾಂಚ್ ಕವಲೊಡೆಯುವ ಮೂಲ ನರ) ಸ್ಯಾಕ್ರಮ್‌ನ ರೆಕ್ಕೆ ಮತ್ತು ಎಸ್1ರ ಎಸ್‌ಎಪಿ ನಡುವಿನ ತೋಡಿನಲ್ಲಿ.

ಒಂದು ಕೀಲಿಗೆ ಎರಡು ಚುಚ್ಚು, ಅಕ್ಕಪಕ್ಕದ ಎರಡು ಕೀಲಿಗೆ ಮೂರು ಚುಚ್ಚು. ಒಂದೇ ನರಕ್ಕೆ ಮದ್ದು ಕೊಟ್ಟು ‘ಫ್ಯಾಸೆಟ್ ನೋವಲ್ಲ’ ಎಂದು ಬರೆದುಬಿಡುವುದು ಅರ್ಧ ಪರೀಕ್ಷೆ ಮಾಡಿ ಪೂರ್ತಿ ತೀರ್ಪು ಕೊಟ್ಟಂತೆ.

## ಹಂತ 1: ರೋಗಿಯನ್ನು ಆರಿಸುವುದು

ಮೂರು ತಿಂಗಳಿಗೂ ಮೀರಿದ ಸೊಂಟನೋವು, ಮದ್ದು-ವ್ಯಾಯಾಮಕ್ಕೆ ಬಗ್ಗದ್ದು, ಬೆನ್ನುಮೂಳೆಯ ಪಕ್ಕದಲ್ಲಿ ಒತ್ತಿದರೆ ನೋಯುವಂಥದ್ದು, ಪಿರ್ರೆ ಅಥವಾ ತೊಡೆಯವರೆಗೆ ಇಳಿದರೂ ಮೊಣಕಾಲಿನಿಂದ ಕೆಳಗೆ ಹೆಚ್ಚಾಗಿ ಹೋಗದಿರುವುದು: ಇಂಥವರು ಈ ಬ್ಲಾಕ್‌ಗೆ ತಕ್ಕವರು. ‘ಕಾಲು ಜೋಮು ಹಿಡಿಯುತ್ತದೆ, ಹೆಬ್ಬೆರಳು ಎತ್ತಲಾಗುವುದಿಲ್ಲ’ ಎನ್ನುವವರದು ನರದ ಬೇರಿನ ತೊಂದರೆ. ಅವರಿಗೆ ಈ ಬ್ಲಾಕ್ ಏನೂ ಮಾಡದು.

ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಬಂದ ವೃದ್ಧರು, ಮೂತ್ರ ಕಟ್ಟಿದವರು, ಕೂರುವ ಜಾಗ ಮರಗಟ್ಟಿದವರು. ಇವರಲ್ಲಿ ಯಾರಿಗೂ ಸೂಜಿ ಮುಟ್ಟಿಸಬೇಡಿ, ಮೊದಲು ಕಾರಣ ಹುಡುಕಿ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಸಾಮಾನ್ಯ. ‘ಬರೀ ಸೊಂಟನೋವು’ ಎಂದು ಬಂದವರಲ್ಲೇ ಅದು ಅಡಗಿರುತ್ತದೆ.

ಚುಚ್ಚುವ ಜಾಗದಲ್ಲಿ ಹುಣ್ಣು-ಸೋಂಕು ಇದ್ದರೆ, ಅರಿವಳಿಕೆ ಮದ್ದಿಗೆ ಅಲರ್ಜಿ ಇದ್ದರೆ, ರೋಗಿ ಒಪ್ಪದಿದ್ದರೆ ಬೇಡ. ರಕ್ತ ತೆಳುಮಾಡುವ ಮಾತ್ರೆ ವಿಚಾರದಲ್ಲಿ ಇದು ಕಡಿಮೆ ಅಪಾಯದ ಗುಂಪಿನ ಚುಚ್ಚು. ಸ್ಟೆಂಟ್ ಇರುವವರ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳನ್ನು ಸುಮ್ಮನೆ ನಿಲ್ಲಿಸಿದರೆ ಬೆನ್ನಿಗಿಂತ ಹೃದಯಕ್ಕೆ ಅಪಾಯ ಹೆಚ್ಚು. ಹೃದಯದ ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಒಂದು ಮಾತನ್ನು ಬಿಡಿಸಿ ಹೇಳಿ: ಇದು ಪರೀಕ್ಷೆ, ಚಿಕಿತ್ಸೆ ಅಲ್ಲ. ಕೆಲವು ಗಂಟೆ ನೋವು ಹೋಗಿ ಮತ್ತೆ ಬರುತ್ತದೆ, ಬರಲೇಬೇಕು. ಇದನ್ನು ಹೇಳದೆ ಬಿಟ್ಟರೆ ಮರುದಿನ ‘ಸೂಜಿ ಹಾಕಿಸಿದ್ದು ದಂಡ ಆಯ್ತು ಡಾಕ್ಟ್ರೇ’ ಎಂದು ಫೋನ್ ಬರುತ್ತದೆ.

## ಹಂತ 2: ಸಾಮಾನು ಜೋಡಿಸುವುದು

- ಬಾಗಿದ ಮುಖದ ಪ್ರೋಬ್, 2ರಿಂದ 5 ಮೆಗಾಹರ್ಟ್ಸ್. ನೇರ ಮುಖದ ಪ್ರೋಬ್ ತೀರಾ ಸಣಕಲು ದೇಹಕ್ಕೆ ಮಾತ್ರ ಸಾಕಾಗಬಹುದು.
- ಸ್ಟೆರೈಲ್ ಪ್ರೋಬ್ ಕವರ್, ಸ್ಟೆರೈಲ್ ಜೆಲ್ಲಿ.
- 22 ಗೇಜ್ ಸ್ಪೈನಲ್ ಸೂಜಿ, 9 ಸೆಂ.ಮೀ. ದಪ್ಪ ಇರುವವರಿಗೆ 12ರಿಂದ 15 ಸೆಂ.ಮೀ. ಉದ್ದದ್ದು.
- ಚರ್ಮಕ್ಕೆ 1% ಲಿಗ್ನೋಕೇನ್, 26 ಗೇಜ್ ಸಣ್ಣ ಸೂಜಿ.
- ಬ್ಲಾಕ್‌ಗೆ 2% ಲಿಗ್ನೋಕೇನ್ ಅಥವಾ 0.5% ಬುಪಿವಕೇನ್, ಒಂದು ಅಥವಾ ಎರಡು ಮಿ.ಲೀ. ಸಿರಿಂಜ್‌ನಲ್ಲಿ. ಹತ್ತು ಮಿ.ಲೀ. ಸಿರಿಂಜ್‌ನಲ್ಲಿ ಅರ್ಧ ಮಿ.ಲೀ. ಅಳೆದು ಕೊಡುವುದು ಆಗದ ಕೆಲಸ.
- ಗಿಡ್ಡ ಎಕ್ಸ್‌ಟೆನ್ಷನ್ ಟ್ಯೂಬ್, ಮದ್ದಿನಿಂದಲೇ ತುಂಬಿಸಿ ಗಾಳಿ ತೆಗೆದದ್ದು.
- ಬಿಪಿ, ಇಸಿಜಿ, ಆಕ್ಸಿಜನ್ ಮಾನಿಟರ್, ಕೈಗೆ ಐ.ವಿ. ಕ್ಯಾನುಲಾ.
- ಅಟ್ರೋಪಿನ್, ಅಡ್ರಿನಾಲಿನ್, ಮಿಡಜೋಲಾಮ್, ಅಂಬು ಬ್ಯಾಗ್, ಆಮ್ಲಜನಕ, 20% ಲಿಪಿಡ್ ಎಮಲ್ಷನ್ (ಅರಿವಳಿಕೆ ಮದ್ದು ರಕ್ತಕ್ಕೆ ಸೇರಿ ವಿಷವಾದರೆ ಕೊಡುವ ಕೊಬ್ಬಿನ ದ್ರವ).

ಟ್ಯೂಬ್ ತುಂಬಿಸುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಡುವುದೇ ಅರ್ಧ ಮಿ.ಲೀ. ಖಾಲಿ ಟ್ಯೂಬ್ ಸೇರಿಸಿದರೆ ಅಷ್ಟೂ ಅದರೊಳಗೇ ಉಳಿಯಬಹುದು. ನರಕ್ಕೆ ಹೋಗಿದ್ದು ಗಾಳಿ, ಪರದೆಯ ಮೇಲೆ ಕಂಡದ್ದು ಬೆಳ್ಳನೆ ಮಂಜು, ಫಲಿತಾಂಶ ಸೊನ್ನೆ.

ಲಿಪಿಡ್ ಎಮಲ್ಷನ್ ಫಾರ್ಮಸಿಯಲ್ಲಿ ಇದ್ದರೆ ಸಾಲದು, ಕೋಣೆಯಲ್ಲೇ ಇರಬೇಕು. ಪ್ರೊಪೊಫಾಲ್ ಕೂಡ ಬೆಳ್ಳಗೇ ಇದ್ದರೂ ಅದರ ಬದಲಿ ಅಲ್ಲ.

ಕಾಗದಪತ್ರದ ಮಾತು: ಯಂತ್ರ ನೋವಿನ ಚಿಕಿತ್ಸೆಗಷ್ಟೇ ಬಳಕೆಯಾದರೂ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಡಿ ನೋಂದಣಿ ಆಗಿರಬೇಕು. ನೋಂದಣಿಯಾದ ಜಾಗ ಬಿಟ್ಟು ಇನ್ನೊಂದು ಆಸ್ಪತ್ರೆಗೆ ಚೀಲದಲ್ಲಿ ಹಾಕಿಕೊಂಡು ಹೋಗುವುದು ಸಲ್ಲದು.

## ಹಂತ 3: ಮಲಗಿಸುವುದು, ಯಂತ್ರ ಹೊಂದಿಸುವುದು

ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ಒಂದು ದಿಂಬು ಇಡಿ. ಸೊಂಟದ ಬಳುಕು ಚಪ್ಪಟೆಯಾಗಬೇಕು. ದಿಂಬು ಎದೆಯ ಕೆಳಗೆ ಸರಿದರೆ ಬಳುಕು ಇನ್ನೂ ಹೆಚ್ಚಿ ಎಲ್5 ಆಳಕ್ಕೆ ಹೋಗುತ್ತದೆ. ಕೈಗಳು ತಲೆಯ ಎರಡೂ ಪಕ್ಕ, ಕಾಲ್ಬೆರಳು ಒಳಮುಖ. ಹೀಗೆ ಮಾಡಿದರೆ ಪಿರ್ರೆಯ ಸ್ನಾಯು ಸಡಿಲವಾಗುತ್ತದೆ.

ನೀವು ನಿಲ್ಲುವುದು ಚುಚ್ಚುವ ಬದಿಯಲ್ಲಿ, ಪರದೆ ನಿಮ್ಮ ಎದುರು ಬದಿಯಲ್ಲಿ. ಕತ್ತು ತಿರುಗಿಸಿ ಪರದೆ ನೋಡಬೇಕಾದ ಕೋಣೆಯಲ್ಲಿ ಸೂಜಿಯೂ ಪ್ರೋಬೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಯಂತ್ರದ ಆಳ ಮೊದಲಿಗೆ 8ರಿಂದ 10 ಸೆಂ.ಮೀ. ಇರಲಿ. ಸಾಧಾರಣ ಮೈಕಟ್ಟಿನವರಲ್ಲಿ ಗುರಿ ಸುಮಾರು 4ರಿಂದ 6 ಸೆಂ.ಮೀ. ಆಳದಲ್ಲಿ ಸಿಗುತ್ತದೆ. ಫೋಕಸ್ ಆ ಆಳಕ್ಕೇ ಇಡಿ. ಚಿತ್ರ ತಿಳಿಯಾಗಿಸುವ ಹಾರ್ಮೋನಿಕ್ ಹಚ್ಚಿ. ಗೇನ್ (ಚಿತ್ರದ ಹೊಳಪು) ಜಾಸ್ತಿ ಮಾಡಿದರೆ ಮೂಳೆಯ ಹಿಂದಿನ ನೆರಳೂ ಬೂದಿಯಾಗಿ ಅಂಚು ಮಸುಕಾಗುತ್ತದೆ. ನೆರಳು ಕಪ್ಪಾಗಿರಬೇಕು, ಮೂಳೆಯ ಗೆರೆ ಬೆಳ್ಳಗಿರಬೇಕು. ಉದ್ದ ನೋಟದಲ್ಲಿ ಪ್ರೋಬ್‌ನ ಗುರುತು ಯಾವಾಗಲೂ ತಲೆಯ ಕಡೆಗೆ. ಈ ಅಭ್ಯಾಸ ತಪ್ಪಿದ ದಿನ ಎಲ್3 ಕೆಳಗೂ ಎಲ್5 ಮೇಲೂ ಹೋಗಿ ಕೂರುತ್ತವೆ.

## ಹಂತ 4: ಕೆಳಗಿನಿಂದ ಎಣಿಸುವುದು

ಅರ್ಧಕ್ಕರ್ಧ ವೈಫಲ್ಯ ಹುಟ್ಟುವುದು ಇಲ್ಲಿ ಎಂದೇ ನಮ್ಮ ಅಂದಾಜು. ಸೊಂಟದ ಮೂಳೆಯ ಏಣು ಮುಟ್ಟಿ ‘ಇದು ಎಲ್4’ ಎಂದು ಗುರುತು ಹಾಕುವುದು ಸ್ಪೈನಲ್ ಅರಿವಳಿಕೆಗೆ ನಡೆದೀತು, ಇಲ್ಲಿ ನಡೆಯದು. ಕೈಯಂದಾಜು ಒಂದು ಹಂತ ಆಚೀಚೆ ಆಗುವುದು ತೀರಾ ಮಾಮೂಲು.

ಪ್ರೋಬ್ ಹಿಡಿಯುವ ಮೊದಲು ರೋಗಿಯ ಎಕ್ಸ್‌ರೇ ಅಥವಾ ಎಂಆರ್‌ಐ ನೋಡಿ. ಎಲ್5 ಸ್ಯಾಕ್ರಮ್‌ಗೆ ಅಂಟಿಕೊಂಡಿದೆಯೇ? ಎಸ್1 ಬಿಡಿಯಾಗಿ ಸೊಂಟದ ಆರನೆಯ ಕಶೇರುವಿನಂತೆ ನಿಂತಿದೆಯೇ? ಇಂಥ ಬೆನ್ನುಗಳು ಅಪರೂಪವೇನಲ್ಲ. ಗೊತ್ತಿಲ್ಲದೆ ಎಣಿಸಿದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡೂ ಬ್ಲಾಕ್ ತಪ್ಪು ಕೀಲಿಗೆ ಹೋಗಿರುತ್ತದೆ.

1. ಪ್ರೋಬ್ ಅನ್ನು ನಡುಗೆರೆಯಿಂದ ಎರಡು ಸೆಂ.ಮೀ. ಪಕ್ಕಕ್ಕೆ, ಉದ್ದವಾಗಿ ಇಟ್ಟು ಸ್ವಲ್ಪ ಒಳಮುಖ ವಾಲಿಸಿ. ಕೆಳಕ್ಕೆ ಜಾರಿಸಿ. ಮುರಿಯದೆ ಹರಿಯುವ ಉದ್ದ ಬಿಳಿ ಗೆರೆ ಸ್ಯಾಕ್ರಮ್.

2. ನಿಧಾನಕ್ಕೆ ಮೇಲೆ ಬನ್ನಿ. ಗೆರೆ ಮುರಿದು ಒಂದು ತೆರಪು ಕಾಣುತ್ತದೆ. ಅದು ಎಲ್5-ಎಸ್1 ಸಂದು. ತೆರಪಿನ ಆಚೆಗೆ ಮೊದಲು ಸಿಗುವ ಇಳಿಜಾರು ಗೆರೆ ಎಲ್5ರ ಲ್ಯಾಮಿನಾ (ಕಶೇರುವಿನ ಹಿಂಬದಿಯ ಚಪ್ಪಟೆ ಮೂಳೆ). ಅದರ ಮೇಲಿನದು ಎಲ್4, ಮತ್ತೆ ಮೇಲಿನದು ಎಲ್3. ಲ್ಯಾಮಿನಾಗಳು ಸಾಲಾಗಿ ಕುದುರೆ ತಲೆಯಂತೆ ಕಾಣುವುದರಿಂದ ಈ ನೋಟಕ್ಕೆ ಅದೇ ಹೆಸರು ಬಿದ್ದಿದೆ.

3. ಈಗ ಪ್ರೋಬ್‌ನ ವಾಲು ತೆಗೆದು ಹೊರಕ್ಕೆ ಸರಿಸಿ. ಡುಬ್ಬ ಡುಬ್ಬವಾಗಿ ಕೂಡಿಕೊಂಡ ಗೆರೆ ಬಂದರೆ ಅದು ಫ್ಯಾಸೆಟ್ ಕೀಲುಗಳ ಸಾಲು.

4. ಇನ್ನೂ ಹೊರಕ್ಕೆ, ನಡುಗೆರೆಯಿಂದ ಮೂರು-ನಾಲ್ಕು ಸೆಂ.ಮೀ. ದೂರದಲ್ಲಿ ಗೆರೆ ಬಿಡಿ ಬಿಡಿಯಾಗುತ್ತದೆ. ಸಣ್ಣ ಬಿಳಿ ಟೋಪಿಗಳು, ಅವುಗಳ ಕೆಳಗೆ ಬೆರಳಿನಂಥ ಕಪ್ಪು ನೆರಳುಗಳು, ನಡುವೆ ಬೆನ್ನುಮೂಳೆಯ ಪಕ್ಕದ ಆಳದ ಸೋವಸ್ ಸ್ನಾಯು. ಇದು ತ್ರಿಶೂಲ ನೋಟ, ಟೋಪಿಗಳೇ ಟಿಪಿಗಳು.

5. ಇದೇ ನೋಟದಲ್ಲಿ ಮತ್ತೆ ಕೆಳಗಿಳಿದು ಸ್ಯಾಕ್ರಮ್‌ನಿಂದ ಇನ್ನೊಮ್ಮೆ ಎಣಿಸಿ. ಲ್ಯಾಮಿನಾದ ಎಣಿಕೆ ಮತ್ತು ಟಿಪಿಯ ಎಣಿಕೆ ತಾಳೆಯಾಗಬೇಕು. ಒಂದು ಕಶೇರುವಿನ ಟಿಪಿ ಅದರ ಲ್ಯಾಮಿನಾಗಿಂತ ತುಸು ಮೇಲೆ ಇರುತ್ತದೆ. ಲ್ಯಾಮಿನಾದಿಂದ ನೇರ ಅಡ್ಡಕ್ಕೆ ಸರಿದು ‘ಸಿಕ್ಕಿತು’ ಎಂದುಕೊಂಡವರು ಕೆಳಗಿನ ಟಿಪಿಗೆ ಹೋಗಿ ನಿಲ್ಲುವುದು ಇದರಿಂದಲೇ.

ಗುರುತು ಹಾಕುವ ಮೊದಲು ಜೆಲ್ಲಿ ಒರೆಸಿ, ಸರ್ಜಿಕಲ್ ಮಾರ್ಕರ್‌ನಲ್ಲೇ ಬರೆಯಿರಿ. ಸಾಧಾರಣ ಬಾಲ್‌ಪೆನ್ ಗೆರೆ ಸ್ಪಿರಿಟ್ ತಾಗಿದ ಕೂಡಲೇ ಮಾಯ. ಗುರುತಾದ ಮೇಲೆ ರೋಗಿ ಅಲುಗಾಡಿದರೆ, ಅದರಲ್ಲೂ ಮೈ ತುಂಬಿದವರಲ್ಲಿ, ಚರ್ಮ ಸರಿದುಹೋಗುತ್ತದೆ; ಆಗ ಎಣಿಕೆ ಮೊದಲಿನಿಂದ.

ಮೇಲಿನ ಸೊಂಟದ ಭಾಗದಲ್ಲಿ ಪ್ರೋಬ್ ತುಂಬ ಹೊರಕ್ಕೆ ಹೋದಾಗ ಉಸಿರಿನ ಜೊತೆ ಮೇಲೆ ಕೆಳಗೆ ಸರಿಯುವ ಉರುಟು ಆಕಾರ ಕಂಡರೆ ಅದು ಮೂತ್ರಪಿಂಡ. ಕೂಡಲೇ ಒಳಕ್ಕೆ ಬನ್ನಿ.

## ಹಂತ 5: ಅಡ್ಡ ನೋಟದಲ್ಲಿ ಮೂಲೆ ಹಿಡಿಯುವುದು

ಬೇಕಾದ ಟಿಪಿಯನ್ನು ಪರದೆಯ ನಡುವೆ ತಂದು, ಪ್ರೋಬ್ ಅನ್ನು ಅಲ್ಲೇ ತೊಂಬತ್ತು ಡಿಗ್ರಿ ತಿರುಗಿಸಿ. ತಿರುಗಿಸುವಾಗ ಪ್ರೋಬ್ ಜಾರುವುದು ಹೊಸಬರ ಕೈಯಲ್ಲಿ ಖಾಯಂ. ಇನ್ನೊಂದು ಕೈಯ ಬೆರಳನ್ನು ರೋಗಿಯ ಬೆನ್ನಿಗೆ ಊರಿಕೊಂಡು ತಿರುಗಿಸಿ.

ನಡುವಿನಿಂದ ಹೊರಕ್ಕೆ ಮೆಟ್ಟಿಲು ಇಳಿದಂತೆ ಮೂಳೆ ಕಾಣಬೇಕು: ಎತ್ತರದಲ್ಲಿ ಸ್ಪೈನಸ್ ಪ್ರೋಸೆಸ್ (ಬೆನ್ನ ನಡುವೆ ಕೈಗೆ ಸಿಗುವ ಮುಳ್ಳಿನಂಥ ಮೂಳೆ), ಕೆಳಗೆ ಲ್ಯಾಮಿನಾ, ಆಮೇಲೆ ಉಬ್ಬಿದ ಫ್ಯಾಸೆಟ್ ಕೀಲು-ಎಸ್‌ಎಪಿ, ಅಲ್ಲಿಂದ ಚಕ್ಕನೆ ಇಳಿದು ಚಪ್ಪಟೆ ಟಿಪಿ. ಎಸ್‌ಎಪಿಯ ಹೊರಗೋಡೆ ಟಿಪಿಗೆ ಕೂಡುವ ಮೂಲೆಯೇ ಗುರಿ.

ಇಲ್ಲಿ ನಿಂತು ಒಂದು ಕೆಲಸ ಮಾಡಿ. ಪ್ರೋಬ್ ಅನ್ನು ಮಿಲಿಮೀಟರ್ ಲೆಕ್ಕದಲ್ಲಿ ತಲೆಯ ಕಡೆಗೆ ಜಾರಿಸಿ. ಒಂದು ಹಂತದಲ್ಲಿ ಟಿಪಿಯ ಬಿಳಿ ಗೆರೆ ಕರಗಿ ಆಳದ ಸ್ನಾಯು ಕಾಣತೊಡಗುತ್ತದೆ. ಅದೇ ಮೇಲಂಚು ಮುಗಿದ ಜಾಗ. ತುಸು ಹಿಂದಕ್ಕೆ ಬಂದು ಗೆರೆ ಮತ್ತೆ ಮೂಡಿದಾಗ ನಿಲ್ಲಿಸಿ. ಹೀಗೆ ಮಾಡದೆ ಟಿಪಿ ಕಂಡ ಕೂಡಲೇ ಸೂಜಿ ಹಾಕಿದರೆ ಮದ್ದು ಟಿಪಿಯ ನಡುವಿಗೋ ಕೆಳಂಚಿಗೋ ಬೀಳುತ್ತದೆ, ನರ ಮೇಲೆಯೇ ಉಳಿಯುತ್ತದೆ.

ಕಲರ್ ಡಾಪ್ಲರ್ ಹಚ್ಚಿ ಸೂಜಿಯ ದಾರಿಯಲ್ಲಿ ರಕ್ತನಾಳ ಇದೆಯೇ ನೋಡಿ. ಏನೂ ಕಾಣದಿದ್ದರೂ ಪೂರ್ತಿ ನಂಬಬೇಡಿ. ಇಷ್ಟು ಆಳದ ಸಣ್ಣ ನಾಳಗಳು ಡಾಪ್ಲರ್‌ಗೆ ಸಿಗುವುದು ಕಡಿಮೆ.

## ಹಂತ 6: ಶುಚಿ ಮಾಡುವುದು, ಚರ್ಮ ಮರಗಟ್ಟಿಸುವುದು

ಚುಚ್ಚುವ ಜಾಗಕ್ಕೆ ಸ್ಪಿರಿಟ್ ಸೇರಿದ 2% ಕ್ಲೋರ್‌ಹೆಕ್ಸಿಡಿನ್ ಬಳಿದು ಎರಡು-ಮೂರು ನಿಮಿಷ ತಾನಾಗಿ ಒಣಗಲು ಬಿಡಿ. ಗಾಜ್‌ನಿಂದ ಒರೆಸಿ ಒಣಗಿಸಿದರೆ ಬಳಿದದ್ದೇ ವ್ಯರ್ಥ. ಕ್ಲೋರ್‌ಹೆಕ್ಸಿಡಿನ್ ಬಟ್ಟಲು ಮತ್ತು ಮದ್ದಿನ ಬಟ್ಟಲು ಒಂದೇ ಟ್ರೇಯಲ್ಲಿ ಇರಕೂಡದು. ಬಣ್ಣವಿಲ್ಲದ ಎರಡು ದ್ರವ ಅಕ್ಕಪಕ್ಕ ಇಟ್ಟರೆ ಎಂದಾದರೊಮ್ಮೆ ಅದಲುಬದಲಾಗಿಯೇ ತೀರುತ್ತದೆ, ಕ್ಲೋರ್‌ಹೆಕ್ಸಿಡಿನ್ ನರಕ್ಕೆ ವಿಷ.

ಕವರ್‌ನೊಳಗೆ ಸಾಧಾರಣ ಜೆಲ್ಲಿ ನಡೆಯುತ್ತದೆ, ಹೊರಗೆ ಸ್ಟೆರೈಲ್ ಜೆಲ್ಲಿಯೇ ಆಗಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಚರ್ಮಕ್ಕೆ 1% ಲಿಗ್ನೋಕೇನ್ ಒಂದು ಮಿ.ಲೀ. ಸಾಕು. ಚರ್ಮದಡಿ ಗುಳ್ಳೆ ಎದ್ದರೆ ನಿಲ್ಲಿಸಿ. ಸ್ನಾಯುವಿನೊಳಗೆ ನಾಲ್ಕೈದು ಮಿ.ಲೀ. ಬಿಟ್ಟರೆ ಸ್ನಾಯುವಿನ ನೋವೂ ಹೋಗಿ, ಬ್ಲಾಕ್ ಫಲಿಸಿತೋ ಇದು ಫಲಿಸಿತೋ ತಿಳಿಯದಾಗುತ್ತದೆ. ಇದೇ ಕಾರಣಕ್ಕೆ ಮಂಪರಿನ ಮದ್ದು, ಫೆಂಟನಿಲ್ ಬೇಡ. ಹೆದರಿದವರಿಗೆ ಮಾತೇ ಮದ್ದು: ‘ಅಮ್ಮಾ, ಈಗ ಸ್ವಲ್ಪ ಒತ್ತಿದ ಹಾಗೆ ಆಗುತ್ತೆ, ಅಲುಗಾಡ್ಬೇಡಿ. ಕಾಲಿಗೆ ಚುರುಕ್ ಅಂದ್ರೆ ಕೂಡ್ಲೇ ಹೇಳಿ.’

## ಹಂತ 7: ಸೂಜಿ ಇಳಿಸುವುದು

ಅಡ್ಡ ನೋಟದಲ್ಲಿ, ಪ್ರೋಬ್‌ನ ಹೊರತುದಿಯ ಪಕ್ಕದಿಂದ ಸೂಜಿ ಒಳಮುಖವಾಗಿ, ಪ್ರೋಬ್‌ನ ಸಮತಲದಲ್ಲೇ ಹೋಗಬೇಕು. ಕೋನ ಸುಮಾರು 45ರಿಂದ 60 ಡಿಗ್ರಿ. ಕೋನ ಕಡಿದಾದಷ್ಟೂ ಸೂಜಿ ಮಸುಕು. ಪ್ರೋಬ್‌ನ ಎದುರು ತುದಿಯನ್ನು ತುಸು ಒತ್ತಿದರೆ ಸೂಜಿಯ ಗೆರೆ ಬೆಳಗುತ್ತದೆ.

ತುದಿ ಕಾಣದಾಗ ಸೂಜಿಯನ್ನು ಮುಂದಕ್ಕೆ ನೂಕಬೇಡಿ. ಮೊದಲು ಪ್ರೋಬ್ ಮತ್ತು ಸೂಜಿ ಒಂದೇ ಗೆರೆಯಲ್ಲಿವೆಯೇ ಎಂದು ಪರದೆ ಬಿಟ್ಟು ಕೈಯನ್ನು ನೋಡಿ. ಸರಿಯಿದ್ದರೆ ಸೂಜಿಯನ್ನು ಸಣ್ಣಗೆ ಹಿಂದೆ ಮುಂದೆ ಅಲ್ಲಾಡಿಸಿ, ಸುತ್ತಲಿನ ಸ್ನಾಯುವಿನ ಅಲುಗಾಟದಿಂದ ತುದಿ ಗೊತ್ತಾಗುತ್ತದೆ. ಅದಕ್ಕೂ ಸಿಗದಿದ್ದರೆ ಸ್ನಾಯುವಿನ ಮಟ್ಟದಲ್ಲಿ 0.2 ಮಿ.ಲೀ. ಸಲೈನ್ ಬಿಡಿ. ಅರಿವಳಿಕೆ ಮದ್ದು ಬಿಟ್ಟು ತುದಿ ಹುಡುಕಬಾರದು. ಗುರಿಯ ಹತ್ತಿರ ಬಂದ ಮೇಲೆ ಸಲೈನೂ ಬೇಡ, ಅದು ಮದ್ದನ್ನು ನೀರು ಮಾಡುತ್ತದೆ.

ಕೊನೆಗೆ ಗಟ್ಟಿಯಾಗಿ ಮೂಳೆ ತಾಗಬೇಕು. ಎಣಿಸಿದ ಆಳ ದಾಟಿಯೂ ಮೂಳೆ ಸಿಗದಿದ್ದರೆ ತುದಿ ಟಿಪಿಯ ಮೇಲಂಚನ್ನು ದಾಟಿದೆ ಎಂದರ್ಥ. ಅಲ್ಲಿಂದ ಮುಂದೆ ಇರುವುದು ನರದ ಬೇರು ಹೊರಡುವ ರಂಧ್ರ, ರಕ್ತನಾಳ, ಸೋವಸ್. ಅರ್ಧದಷ್ಟು ಹಿಂದೆಳೆದು ದಾರಿ ಬದಲಿಸಿ. ‘ಇನ್ನೊಂಚೂರು ಹೋಗಿ ನೋಡೋಣ’ ಎನ್ನುವ ಮಾತು ಈ ಜಾಗದಲ್ಲಿ ಬರಕೂಡದು.

ಮೂಳೆ ತೀರಾ ಬೇಗ, ಎಣಿಸಿದ್ದಕ್ಕಿಂತ ಮೇಲೆಯೇ ತಾಗಿತೇ? ತುದಿ ಕೀಲಿನ ಉಬ್ಬಿನ ಮೇಲಿದೆ. ಸ್ವಲ್ಪ ಹಿಂದೆಳೆದು ಹೊರಕ್ಕೆ ತಿರುಗಿಸಿ ಮೂಲೆಗೆ ಇಳಿಸಿ.

## ಹಂತ 8: ಉದ್ದ ನೋಟದಲ್ಲಿ ಖಾತ್ರಿ ಮಾಡಿಕೊಳ್ಳುವುದು

ಅಡ್ಡ ನೋಟ ಒಳಗೆ-ಹೊರಗೆ ಹೇಳುತ್ತದೆ, ಮೇಲೆ-ಕೆಳಗೆ ಹೇಳುವುದಿಲ್ಲ. ಸೂಜಿಯನ್ನು ಅಲ್ಲೇ ಬಿಟ್ಟು ಪ್ರೋಬ್ ಅನ್ನು ಮತ್ತೆ ಉದ್ದಕ್ಕೆ ತಿರುಗಿಸಿ ತ್ರಿಶೂಲ ನೋಟ ತನ್ನಿ. ಸೂಜಿಯ ತುದಿ ಟಿಪಿಯ ಬಿಳಿ ಟೋಪಿಯ ಮೇಲಂಚಿನಲ್ಲಿ ಚುಕ್ಕೆಯಾಗಿ ಕಾಣಬೇಕು. ಟೋಪಿಯ ನಡುವೆ ಇದ್ದರೆ ಎರಡು-ಮೂರು ಮಿ.ಮೀ. ಮೇಲಕ್ಕೆ ಸರಿಸಿ. ಎರಡು ಟೋಪಿಗಳ ನಡುವಿನ ಸ್ನಾಯುವಿನಲ್ಲಿದ್ದರೆ ಹಿಂದೆಳೆಯಿರಿ.

ಇದೇ ನೋಟದಲ್ಲಿ ಸ್ಯಾಕ್ರಮ್‌ವರೆಗೆ ಜಾರಿಸಿ ಎಣಿಕೆಯನ್ನು ಕೊನೆಯ ಸಲ ನೋಡಿಬಿಡಿ. ಅರ್ಧ ನಿಮಿಷದ ಕೆಲಸ. ಬಿಟ್ಟರೆ ಪರೀಕ್ಷೆಯನ್ನೇ ಇನ್ನೊಂದು ದಿನ ಮಾಡಬೇಕಾಗುತ್ತದೆ.

## ಹಂತ 9: ಮದ್ದು ಕೊಡುವುದು

ಸಿರಿಂಜ್ ಹಿಂದಕ್ಕೆಳೆದು ರಕ್ತ, ಬೆನ್ನುಹುರಿಯ ನೀರು ಬರುತ್ತದೆಯೇ ನೋಡಿ. ಬರದಿದ್ದರೆ ನಿಧಾನಕ್ಕೆ 0.3ರಿಂದ 0.5 ಮಿ.ಲೀ. ಕೊಡಿ. ಮೂಳೆಯ ಮೇಲೆ ಸಣ್ಣ ಕಪ್ಪು ತೇಪೆ ಹರಡಿದ್ದು ಕಾಣಬೇಕು. ಏನೂ ಹರಡಲಿಲ್ಲ ಎಂದರೆ ತುದಿ ನೋಟದಿಂದ ಹೊರಗಿದೆ, ಇಲ್ಲವೇ ಮದ್ದು ರಕ್ತನಾಳಕ್ಕೆ ಹೋಗುತ್ತಿದೆ. ನಿಲ್ಲಿಸಿ. ಸಿರಿಂಜ್‌ಗೆ ರಕ್ತ ಬರಲಿಲ್ಲ ಎಂಬುದು ಖಾತ್ರಿ ಅಲ್ಲ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬಿಟ್ಟು ನೋಡುವ ಅನುಕೂಲ ಅಲ್ಟ್ರಾಸೌಂಡ್‌ಗೆ ಇಲ್ಲ. ಈ ವಿಧಾನದ ನಿಜವಾದ ಕೊರತೆ ಅದೇ.

ಒಂದು ಮಿ.ಲೀ. ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಹೆಚ್ಚಿನ ಮದ್ದು ಪಕ್ಕದ ಕವಲುಗಳಿಗೆ, ಸ್ನಾಯುವಿಗೆ, ಕೆಲವೊಮ್ಮೆ ನರದ ಬೇರಿನ ಕಡೆಗೂ ಹರಡುತ್ತದೆ. ನೋವು ಹೋಗುತ್ತದೆ, ಯಾವುದರಿಂದ ಹೋಯಿತೆಂದು ಮಾತ್ರ ತಿಳಿಯುವುದಿಲ್ಲ. ಪರೀಕ್ಷೆಯ ಬ್ಲಾಕ್‌ಗೆ ಸ್ಟಿರಾಯ್ಡ್ ಬೆರೆಸುವುದೂ ಬೇಡ.

ಒಟ್ಟು ಪ್ರಮಾಣದ ಲೆಕ್ಕ ಮೊದಲೇ ಆಗಿರಲಿ. ಎರಡೂ ಬದಿ ಸೇರಿ ಆರು ನರ, ತಲಾ 0.5 ಮಿ.ಲೀ. 2% ಲಿಗ್ನೋಕೇನ್ ಎಂದರೆ 60 ಮಿ.ಗ್ರಾಂ. ಆರು ಕಡೆ ಚರ್ಮಕ್ಕೆ 1% ಮದ್ದು ತಲಾ ಒಂದು ಮಿ.ಲೀ. ಎಂದರೆ ಇನ್ನು 60. ಒಟ್ಟು 120. ಕೆ.ಜಿ.ಗೆ 4.5 ಮಿ.ಗ್ರಾಂ. ಮಿತಿಯಂತೆ 60 ಕೆ.ಜಿ. ತೂಕದವರಿಗೆ 270 ಮಿ.ಗ್ರಾಂ. ಅಷ್ಟರೊಳಗೆ ಆರಾಮಾಗಿ ಮುಗಿಯುತ್ತದೆ. ನಾಳದೊಳಗೆ ನೇರ ಹೋದರೆ ಮಾತ್ರ ಈ ಲೆಕ್ಕ ಕಾಯುವುದಿಲ್ಲ.

## ಎಲ್5ರ ಡಾರ್ಸಲ್ ರೇಮಸ್: ಬೇರೆಯದೇ ಕಥೆ

ಇಲ್ಲಿ ಹೊರಬದಿಯಿಂದ ಬರುವ ಸೂಜಿಗೆ ಸೊಂಟದ ಮೂಳೆಯ ಏಣು ಅಡ್ಡ ನಿಲ್ಲುತ್ತದೆ. ಅಡ್ಡ ನೋಟದಲ್ಲಿ ಎಸ್1ರ ಎಸ್‌ಎಪಿ ಮತ್ತು ಸ್ಯಾಕ್ರಮ್‌ನ ರೆಕ್ಕೆ ನಡುವಿನ ತೋಡನ್ನು ಪರದೆಯ ಮಧ್ಯಕ್ಕೆ ತಂದು, ಪ್ರೋಬ್‌ನ ನಡುಭಾಗದ ಪಕ್ಕದಿಂದ ಸಮತಲ ಬಿಟ್ಟು ಸೂಜಿ ಇಳಿಸುವುದು ಒಂದು ದಾರಿ. ಇದರಲ್ಲಿ ಸೂಜಿ ಗೆರೆಯಾಗಿ ಕಾಣದು, ಚುಕ್ಕೆಯಾಗಿ ಮಾತ್ರ. ಚುಕ್ಕೆ ಕಂಡ ಕೂಡಲೇ ಪ್ರೋಬ್ ಅನ್ನು ಸೂಜಿ ಹೋಗುವ ದಿಕ್ಕಿಗೆ ತುಸು ವಾಲಿಸಿ. ಚುಕ್ಕೆ ಮಾಯವಾಗಿ ಮತ್ತೆ ಆಳದಲ್ಲಿ ಮೂಡುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮೂಳೆ ಮುಟ್ಟುವವರೆಗೆ.

ಸಿ-ಆರ್ಮ್ ಇದ್ದರೆ ಈ ಒಂದು ಹಂತವನ್ನು ಅದರಲ್ಲೇ ಮಾಡುವುದು ಜಾಣತನ. ದಪ್ಪ ಇರುವವರ ವಿಷಯದಲ್ಲೂ ಅಷ್ಟೇ. ಅಲ್ಟ್ರಾಸೌಂಡ್ ನೋಡಿ ಹಾಕಿದ ಸೂಜಿಯನ್ನು ಸಿ-ಆರ್ಮ್‌ನಲ್ಲಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಸಾಧಾರಣ ಮೈಕಟ್ಟಿನವರಲ್ಲಿ ಶೇ. 95ರಷ್ಟು ಸೂಜಿ ಸರಿಯಾದ ಜಾಗದಲ್ಲಿತ್ತು. 2009ರಲ್ಲಿ ಸ್ಥೂಲಕಾಯದವರ ಮೇಲೆ ಮಾಡಿದಾಗ ಅದು ಶೇ. 62ಕ್ಕೆ ಇಳಿಯಿತು. ಚಿತ್ರ ಮಸುಕಾಗಿದ್ದರೆ ಹಟ ಬೇಡ.

## ಹಂತ 10: ನೋವಿನ ಲೆಕ್ಕ ಇಡುವುದು

ಚುಚ್ಚುವ ಮೊದಲು ಯಾವ ಚಲನೆಗೆ ನೋವು ಬರುತ್ತಿತ್ತೋ ಅದನ್ನೇ ಮಾಡಿಸಿ ಅಂಕಿ ಬರೆದಿಟ್ಟುಕೊಂಡಿರಬೇಕು: ಹಿಂದಕ್ಕೆ ಬಾಗುವುದು, ಕುರ್ಚಿಯಿಂದ ಏಳುವುದು, ಬಿಂದಿಗೆ ಎತ್ತುವುದು. ಅರ್ಧ ಗಂಟೆಯ ನಂತರ ಅದನ್ನೇ ಮತ್ತೆ ಮಾಡಿಸಿ. ‘ಮಲಗಿದ್ದಾಗ ಆರಾಮಿದೆ’ ಎಂಬುದು ಲೆಕ್ಕಕ್ಕಿಲ್ಲ.

ಸೊನ್ನೆಯಿಂದ ಹತ್ತರ ಅಳತೆ ವಯಸ್ಸಾದವರಿಗೆ, ಹಳ್ಳಿಯವರಿಗೆ ಕೈಗೆ ಹತ್ತುವುದಿಲ್ಲ. ಎಲ್ಲರೂ ಹತ್ತು ಎಂದೇ ಹೇಳುತ್ತಾರೆ. ‘ರೂಪಾಯಿಗೆ ಎಷ್ಟಾಣೆ ಕಮ್ಮಿ ಆಗಿದೆ?’ ಎಂದು ಕೇಳಿ ನೋಡಿ. ಎಂಟಾಣೆ ಎಂದರೆ ಶೇ. 50, ಹದಿಮೂರಾಣೆ ಎಂದರೆ ಸುಮಾರು ಶೇ. 80. ಶೇ. 50ಕ್ಕಿಂತ ಕಡಿಮೆ ಇಳಿದರೆ ಫಲಿಸಿಲ್ಲ ಎಂದೇ ಹಿಡಿಯುವುದು ರೂಢಿ. ಶೇ. 80 ಬೇಕು ಎನ್ನುವವರೂ ಇದ್ದಾರೆ.

ಮನೆಗೆ ಹೋದ ಮೇಲೆ ಗಂಟೆಗೊಮ್ಮೆ, ಕನಿಷ್ಠ ಆರು ಗಂಟೆ ಬರೆಯುವಂತೆ ಒಂದು ಚೀಟಿ ಕೊಡಿ. ಬರೆಯಲು ಬಾರದವರಿದ್ದರೆ ಜೊತೆಗೆ ಬಂದ ಮಗ, ಸೊಸೆಗೆ ಒಪ್ಪಿಸಿ. ಲಿಗ್ನೋಕೇನ್ ಕೊಟ್ಟಾಗ ಆರಾಮ ಒಂದೆರಡು ಗಂಟೆ, ಬುಪಿವಕೇನ್ ಕೊಟ್ಟಾಗ ಅದಕ್ಕಿಂತ ಹೆಚ್ಚು ಹೊತ್ತು ಇರಬೇಕು. ಒಂದೇ ಬ್ಲಾಕ್ ನಂಬಿದರೆ ಸುಳ್ಳು ಫಲ ಬರುವ ಸಾಧ್ಯತೆ ಶೇ. 25ರಿಂದ 40ರವರೆಗೆ ವರದಿಯಾಗಿದೆ. ಅದಕ್ಕೇ ರೇಡಿಯೋಫ್ರೀಕ್ವೆನ್ಸಿಗೆ (ಆ ನರವನ್ನು ಬಿಸಿಯಿಂದ ಸುಡುವ ಚಿಕಿತ್ಸೆ) ಕಳಿಸುವ ಮೊದಲು ಇನ್ನೊಂದು ದಿನ, ಇನ್ನೊಂದು ಮದ್ದಿನಲ್ಲಿ ಎರಡನೆಯ ಬ್ಲಾಕ್ ಮಾಡುವುದು ಒಳ್ಳೆಯದು.

## ಎಚ್ಚರಿಕೆಯ ಲಕ್ಷಣಗಳು

ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್, ತೊದಲು, ಸೆಳವು. ಮದ್ದು ರಕ್ತಕ್ಕೆ ಹೋಗಿದೆ. ಚುಚ್ಚುವುದು ನಿಲ್ಲಿಸಿ, ಸಹಾಯಕ್ಕೆ ಕೂಗಿ, ಅಂಗಾತ ತಿರುಗಿಸಿ, ಆಮ್ಲಜನಕ ಕೊಡಿ. ಸೆಳವಿಗೆ ಮಿಡಜೋಲಾಮ್. 70 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ 20% ಲಿಪಿಡ್ ಎಮಲ್ಷನ್ ಕೆ.ಜಿ.ಗೆ 1.5 ಮಿ.ಲೀ. ಎರಡು-ಮೂರು ನಿಮಿಷದಲ್ಲಿ, 60 ಕೆ.ಜಿ.ಗೆ 90 ಮಿ.ಲೀ. 70 ಕೆ.ಜಿ. ಮೀರಿದವರಿಗೆ ಸುಮಾರು 100 ಮಿ.ಲೀ. ಆಮೇಲೆ ನಿಮಿಷಕ್ಕೆ ಕೆ.ಜಿ.ಗೆ 0.25 ಮಿ.ಲೀ.ನಂತೆ ಡ್ರಿಪ್. ಹೃದಯ ನಿಂತರೆ ಸಿಪಿಆರ್. ಅಡ್ರಿನಾಲಿನ್ ಅನ್ನು ಕೆ.ಜಿ.ಗೆ 1 ಮೈಕ್ರೋಗ್ರಾಂ ಮೀರದ ಸಣ್ಣ ಪ್ರಮಾಣದಲ್ಲಿ.

ಬೆವರು, ಮಂಕು, ನಾಡಿ ಇಳಿತ. ಹೆಚ್ಚಿನ ಸಲ ಇದು ಹೆದರಿಕೆಯ ತಲೆಸುತ್ತು. ಕಾಲು ಎತ್ತಿ, ಡ್ರಿಪ್ ಹರಿಯಬಿಡಿ. ನಾಡಿ ಏರದಿದ್ದರೆ ಅಟ್ರೋಪಿನ್ 0.6 ಮಿ.ಗ್ರಾಂ.

ಸೂಜಿ ಇದ್ದಾಗ ಕಾಲಿಗೆ ಕರೆಂಟ್ ಹೊಡೆದಂತಾಗುವುದು. ತುದಿ ನರದ ಬೇರಿನ ಬಳಿ ಇದೆ. ಮದ್ದು ಕೊಡದೆ ಹಿಂದೆಳೆಯಿರಿ.

ಏಳುವಾಗ ಕಾಲಿನ ಸೋಲು. ಮದ್ದು ಹರಡಿರಬಹುದು. ಮಂಚದಿಂದ ಇಳಿಸುವ ಮೊದಲು ಮಂಡಿ ಚಾಚಿಸಿ, ಪಾದ ಎತ್ತಿಸಿ ನೋಡಿ. ಸೋಲು ಇದ್ದರೆ ಬಲ ಬರುವವರೆಗೆ ಮಲಗಿರಲಿ. ಆ ದಿನದ ಪರೀಕ್ಷೆಯ ಫಲಿತಾಂಶ ಲೆಕ್ಕಕ್ಕಿಲ್ಲ. ಸೋಲು ಇಲ್ಲದವರೂ ಆ ದಿನ ಗಾಡಿ ಓಡಿಸುವಂತಿಲ್ಲ.

ಮನೆಗೆ ಹೋದ ಮೇಲೆ ಜ್ವರ, ದಿನದಿನಕ್ಕೆ ಏರುವ ಬೆನ್ನುನೋವು, ಮೂತ್ರ ಕಟ್ಟುವುದು, ಕಾಲಿನ ಬಲ ಕುಗ್ಗುವುದು. ಸೋಂಕು ಅಥವಾ ರಕ್ತ ಕಟ್ಟಿಕೊಂಡಿರುವ ಸಾಧ್ಯತೆ. ಫೋನಿನಲ್ಲಿ ಮಾತ್ರೆ ಹೇಳದೆ ಅಂದೇ ಕರೆಸಿ, ತುರ್ತಾಗಿ ಎಂಆರ್‌ಐ ಮಾಡಿಸಿ.

## ಫಲ ಬರದಿದ್ದರೆ ಏನು ನೋಡಬೇಕು

ನೋವು ಸ್ವಲ್ಪವೂ ಇಳಿಯದಿದ್ದರೆ ಮೊದಲು ಉಳಿಸಿಟ್ಟ ಚಿತ್ರ ತೆಗೆದು ಎಣಿಕೆ ನೋಡಿ, ಆಮೇಲೆ ಉದ್ದ ನೋಟದಲ್ಲಿ ತುದಿ ಎಲ್ಲಿತ್ತು ನೋಡಿ. ಎರಡೂ ಸರಿಯಿದ್ದು ಮದ್ದು ಹರಡಿದ್ದೂ ಕಂಡಿದ್ದರೆ, ಒಂದೋ ಒಂದಷ್ಟು ಮದ್ದು ರಕ್ತನಾಳಕ್ಕೆ ಸೇರಿದೆ, ಇಲ್ಲವೇ ನೋವು ಫ್ಯಾಸೆಟ್‌ನದಲ್ಲ. ಸ್ಯಾಕ್ರೋಇಲಿಯಾಕ್ ಕೀಲನ್ನು (ಸ್ಯಾಕ್ರಮ್ ಮತ್ತು ಸೊಂಟದ ಮೂಳೆ ಕೂಡುವ ಕೀಲು) ಪರೀಕ್ಷಿಸಿ. ಎಲ್5-ಎಸ್1ರ ನೋವನ್ನೇ ಹೋಲುವ ನೋವು ಅಲ್ಲಿಂದಲೂ ಬರುತ್ತದೆ. ಅರ್ಧ ಇಳಿದು ಅರ್ಧ ಉಳಿದರೆ ಪಕ್ಕದ ಕೀಲು ಬಿಟ್ಟುಹೋಗಿರಬಹುದು. ವಾರಗಟ್ಟಲೆ ಆರಾಮ ಇದ್ದರೆ ಸಂತೋಷಪಡಿ, ಆದರೆ ಲಿಗ್ನೋಕೇನ್‌ನ ಲೆಕ್ಕಕ್ಕೆ ಅದು ಹೊಂದದು ಎಂಬುದನ್ನೂ ಕಡತದಲ್ಲಿ ಬರೆಯಿರಿ.

ಕಡತದಲ್ಲಿ ಪ್ರತಿ ಸೂಜಿಗೆ ಇಷ್ಟು ಇರಲೇಬೇಕು: ಬದಿ, ಯಾವ ಕಶೇರುವಿನ ಟಿಪಿ ಮತ್ತು ಅದರಿಂದ ಯಾವ ನರ (ಎರಡನ್ನೂ ಬೇರೆ ಬೇರೆ ಬರೆಯಿರಿ), ಮದ್ದಿನ ಹೆಸರು, ಶೇಕಡಾ, ಮಿ.ಲೀ., ಅಡ್ಡ ನೋಟ ಮತ್ತು ಉದ್ದ ನೋಟದ ತಲಾ ಒಂದು ಚಿತ್ರ, ಮೊದಲಿನ ಮತ್ತು ಅರ್ಧ ಗಂಟೆಯ ನಂತರದ ನೋವಿನ ಅಂಕಿ. ‘ಎಲ್4 ಬ್ಲಾಕ್ ಮಾಡಲಾಯಿತು’ ಎಂದಷ್ಟೇ ಬರೆದಿದ್ದರೆ, ಎರಡನೆಯ ಬ್ಲಾಕ್ ಮಾಡುವವರಿಗೆ ಅದು ಎಲ್4ರ ಟಿಪಿಯೋ ಎಲ್4ರ ನರವೋ ತಿಳಿಯುವುದಿಲ್ಲ.